ಮಗ್ಗುಲಾಗಲಾರದ ಹೊತ್ತಿನಲ್ಲಿ ಅಣ್ಣನನ್ನು ಒಳಗೆ ಬಿಟ್ಟ ಹೃದಯವೈದ್ಯರಿಗೆ

ಮಾನ್ಯರೇ, ಮಹಾಶಯರೇ,

ತಮ್ಮ ಸೂಜಿಗೆ ಈ ದರ್ಜಿಯ ಸೂಜಿಯ ಸವಿನಯ ವಂದನೆಗಳು.

ತೊಡೆಯ ಸಂದಿಯಲ್ಲಿ ಚುಚ್ಚಿ, ದಾರದಂಥ ನಳಿಕೆಯನ್ನು ಹೃದಯದವರೆಗೂ ಪೋಣಿಸಿ, ರಕ್ತನಾಳಗಳ ಚಿತ್ರ ತೆಗೆದ ತಮ್ಮ ಕೈಚಳಕಕ್ಕೆ ಅಲ್ಲೇ ತಲೆಬಾಗುತ್ತಿದ್ದೆ. ಆದರೆ ತಲೆ ಎತ್ತಬಾರದು, ಕಾಲು ಮಡಚಬಾರದು, ಮಗ್ಗುಲಾಗಬಾರದು ಎಂದು ತಾವೇ ಅಪ್ಪಣೆ ಕೊಡಿಸಿದ್ದರಿಂದ, ಸಂಜೆಯವರೆಗೂ ಇಸ್ತ್ರಿ ಮಾಡಿಟ್ಟ ಪ್ಯಾಂಟಿನ ಹಾಗೆ ಬಿದ್ದಿದ್ದೆ.

ಅಂಥ ಹೊತ್ತಿನಲ್ಲಿ ನನ್ನ ಅಣ್ಣ ಬಂದ. ತನ್ನ ಮಗಳ ಮದುವೆಯಲ್ಲಿ ನಾನೇ ಹೊಲಿದ ಕೋಟು ತೊಟ್ಟು, ಬೀಗರೆದುರು "ಇದನ್ನ ಹಾಕ್ಕೊಂಡ್ರೆ ಉಸಿರಾಡೋಕೂ ಇವನ ಅಪ್ಪಣೆ ಬೇಕು" ಎಂದು ನನ್ನ ಮಾನ ಕಳೆದ ಮಹಾನುಭಾವ. ಅಂದಿನಿಂದ ನಮಗೆ ಮಾತಿಲ್ಲ. ಬೀದಿಯಲ್ಲಿ ಎದುರಾದರೆ ನಾನು ಈ ಕಡೆ, ಅವನು ಆ ಕಡೆ. ತಮ್ಮ ಕೃಪೆಯಿಂದ ಮುಖ ತಿರುಗಿಸಿ ಮಲಗಲೂ ಆಗದೆ ಕಣ್ಣು ಮುಚ್ಚಿಕೊಂಡೆ. "ಎಚ್ಚರವಾಗೇ ಇದಾರೆ ಭಾವ, ಬರೀ ನಾಟಕ" ಎಂದು ನನ್ನವಳೇ ಗುಟ್ಟು ಬಿಟ್ಟುಕೊಟ್ಟಳು.

ಅಣ್ಣ ಕುರ್ಚಿ ಎಳೆದುಕೊಂಡು ಕೂತ. ಕೊಳವೆಯಲ್ಲಿ ನೀರು ಕುಡಿಸುತ್ತಾ, "ಈ ಆಸ್ಪತ್ರೆ ಅಂಗಿ ಯಾವನೋ ಹೊಲಿದಿದ್ದು? ಹಿಂದುಗಡೆ ಪೂರ್ತಿ ತೆರೆದೇ ಇದೆಯಂತೆ. ಅವನಿಗಿಂತ ನೀನೇ ವಾಸಿ ಕಣೋ" ಎಂದ.

ಮಾನ್ಯರೇ, ಕೆಮ್ಮು ಬಂದರೆ ಗಾಯ ಒತ್ತಿ ಹಿಡಿಯಿರಿ ಎಂದಿದ್ದಿರಿ. ನಗು ಬಂದರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ನಾನು ನಕ್ಕೆ. ನರ್ಸಮ್ಮ ಓಡಿಬಂದು ತೊಡೆ ಅದುಮಿ ಹಿಡಿದರು. ಅಣ್ಣನ ಮುಖ ಬಿಳುಚಿತು. "ನಗಬೇಡ್ವೋ, ಸತ್ತುಗಿತ್ತು ಹೋದೀಯ" ಎಂದು ನನ್ನ ಕೈ ಹಿಡಿದುಕೊಂಡು ಅವನೇ ಅತ್ತ. ಕಣ್ಣೊರೆಸಿಕೊಳ್ಳಲು ನನಗೂ ಆ ಕೈ ಬೇಕಿತ್ತು, ಅವನು ಬಿಡಲಿಲ್ಲ.

ಆದಕಾರಣ, ಇನ್ನು ಮುಂದೆ ಒಡಹುಟ್ಟಿದವರನ್ನು ಒಳಗೆ ಬಿಡುವ ಮೊದಲು ಅವರ ನಾಲಿಗೆಗೆ ಅರಿವಳಿಕೆ ಕೊಡತಕ್ಕದ್ದೆಂದೂ, ಜಗಳ ಉಳಿಸಿಕೊಳ್ಳಬಯಸುವ ರೋಗಿಗಳಿಗೆ ತಾನಾಗಿ ಗೋಡೆಯ ಕಡೆ ತಿರುಗುವ ಮಂಚ ಒದಗಿಸತಕ್ಕದ್ದೆಂದೂ ಕೋರುತ್ತೇನೆ. ನನ್ನ ರಕ್ತನಾಳಗಳಲ್ಲಿ ಎಲ್ಲಿಯೂ ಅಡ್ಡಿಯಿಲ್ಲವೆಂದು ತಾವು ಬರೆದುಕೊಟ್ಟಿದ್ದೀರಿ, ಸಂತೋಷ. ಆದರೆ ಇಷ್ಟು ವರ್ಷ ಜತನದಿಂದ ಕಾಪಾಡಿಕೊಂಡು ಬಂದ ಹಗೆಯೊಂದು ತಮ್ಮ ವಾರ್ಡಿನಲ್ಲೇ ಕಳುವಾಗಿದೆಯಲ್ಲ, ಅದಕ್ಕೆ ಹೊಣೆ ಯಾರು?

ನೀಲಿಗಟ್ಟಿದ ತೊಡೆಯುಳ್ಳ, ಆದರೂ ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಮಂಚದ ದರ್ಜಿ

ತಾ.ಕ.: ಕೆಲವು ದಿನ ಭಾರ ಎತ್ತಬಾರದೆಂದು ತಾವು ಹೇಳಿದ್ದನ್ನು ಅಣ್ಣ ಬಾಯಿಪಾಠ ಮಾಡಿಕೊಂಡು ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದ್ದಾನೆ; ನನ್ನ ತಟ್ಟೆಯೂ ಭಾರವೆಂದು ಅದನ್ನೂ ಅವನೇ ಖಾಲಿ ಮಾಡುತ್ತಿದ್ದಾನೆ. ಅವನನ್ನು ಅವನ ಮನೆಗೆ ಕಳಿಸುವ ಮಾತ್ರೆಯೇನಾದರೂ ಇದ್ದರೆ ದಯವಿಟ್ಟು ಬರೆದುಕೊಡಿ. ಆದಷ್ಟು ನಿಧಾನವಾಗಿ ಕೆಲಸ ಮಾಡುವಂಥದ್ದು.