ಸಂಜೆ ಐದೂಕಾಲರ ಗಿಳಿಪಾಠ

ಗಿಳಿ ಸಾಕಿದ ಮನೆಯಲ್ಲಿ ಒಂದು ದಿನವನ್ನಾದರೂ ಮರ್ಯಾದೆಯಿಂದ ಕಳೆಯುವುದು ಕಷ್ಟ. ನಾನು ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದವನು. ಅಷ್ಟೂ ವರ್ಷಗಳಲ್ಲಿ ಆಗದಷ್ಟು ಫಜೀತಿ ಗಿಳಿ ಬಂದ ಒಂದೇ ವರ್ಷದಲ್ಲಿ ಆಯಿತು.

ಎಂಬತ್ತರ ದಶಕದ ಮಾತು. ಮಾದನಹಿಪ್ಪರಗಾದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ನಮ್ಮ ಮನೆ. ಗಿಳಿ ಬರುವ ಮುಂಚಿನ ಚಳಿಗಾಲದಲ್ಲಿ ನನ್ನ ಹೆಂಡತಿ ತೀರಿಕೊಂಡಿದ್ದಳು. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅವಳು "ಊಟಾತೇನ್ರಿ?" ಎನ್ನುತ್ತಿದ್ದಳು. ಮಧ್ಯಾಹ್ನದ ಡಬ್ಬಿ ಕಟ್ಟುತ್ತಿದ್ದವಳು ಅವಳೇ. ಅದು ಖಾಲಿಯಾಗಿರುವುದು ಕೈಗೆತ್ತಿಕೊಂಡರೆ ಗೊತ್ತಾಗುತ್ತಿತ್ತು. ಆದರೂ ಕೇಳುತ್ತಿದ್ದಳು.

ಬೇಸಿಗೆಯ ಗಾಳಿಗೆ ಶಾಲೆಯ ಹಿಂದಿನ ಬೇವಿನ ಟೊಂಗೆ ಮುರಿದು ಬಿತ್ತು. ಅದರ ಪೊಟರೆಯಲ್ಲಿ ಒಂದು ಗಿಳಿಮರಿ ಇತ್ತು: ಅರ್ಧ ಪುಕ್ಕ, ಅರ್ಧ ಚರ್ಮ, ಉಳಿದದ್ದೆಲ್ಲ ಬಾಯಿ. ಮನೆಗೆ ತಂದು, ನೆನೆಸಿದ ಕಡಲೆ ಅರೆದು ತಿನ್ನಿಸಿದೆ. ಬದುಕಿತು. ಅದಕ್ಕೆ ಅವಳ ಆ ಒಂದು ಮಾತು ಕಲಿಸಬೇಕೆಂದು ನಿಶ್ಚಯಿಸಿದೆ.

ಜೇವರ್ಗಿಯಿಂದ ಅಕ್ಕ ಬಂದಳು. ಬರುವಾಗಲೇ ನನ್ನ ವರ್ಗಾವಣೆಯ ಅರ್ಜಿ ಬರೆಸಿಕೊಂಡು ಬಂದಿದ್ದಳು.

"ಇಲ್ಲಿ ನಿನ್ನ ಉಂಡೀಯೇನು ಅಂತ ಕೇಳೋರು ಯಾರದಾರ, ತಮ್ಮಾ? ಜೇವರ್ಗಿಗೆ ಬಾ, ನಮ್ಮನಿ ಹತ್ರನ ಇರು."

"ಗಿಳಿ ಕೇಳ್ತದ," ಎಂದೆ.

ಅಕ್ಕ ಒಮ್ಮೆ ನನ್ನನ್ನೂ ಒಮ್ಮೆ ಪಂಜರದ ಗಿಳಿಯನ್ನೂ ನೋಡಿದಳು. "ಆತು. ದಸರಾ ಸೂಟಿಗೆ ಬರ್ತೀನಿ. ಅಷ್ಟರಾಗ ಅದು ಕೇಳಿದ್ರ ಸೈ. ಇಲ್ಲಂದ್ರ ಸುಮ್ಮ ಸಹಿ ಮಾಡು."

ಆ ಮನೆ ಬಿಡುವ ಮನಸ್ಸು ನನಗೆ ಇರಲಿಲ್ಲ. ಮರುದಿನದಿಂದಲೇ ಪಾಠ ಶುರುವಾಯಿತು. ದಿನಾ ಸಂಜೆ ಐದೂಕಾಲರಿಂದ ಐದೂವರೆ. ರವಿವಾರವೂ ರಜೆ ಇಲ್ಲ.

ಬಜೆ

ತಿಂಗಳಾದರೂ ಗಿಳಿ ಬಾಯಿಬಿಡಲಿಲ್ಲ. ಪಕ್ಕದ ಮನೆಯಲ್ಲಿ ದರ್ಜಿ ಚಾಚಾ ಮತ್ತು ಚಾಚಿ ಇದ್ದರು. ಚಾಚಿ ಗೋಡೆಯ ಮೇಲಿಂದ ಉಪಾಯ ಹೇಳಿದರು.

"ಬಜೆ ತೇದು ಜೇನಿನ್ಯಾಗ ಕಲಸಿ ನಾಲಿಗಿಗಿ ಹಚ್ರಿ ಸರ್. ನಮ್ಮ ಐದೂ ಮಕ್ಕಳಿಗೆ ಹಚ್ಚೀನಿ. ಇವತ್ತಿನ ತನಕ ಒಂದಾದ್ರೂ ಬಾಯಿ ಮುಚ್ಚೇದೇನು?"

ಹಚ್ಚಿದೆ. ಜೇನು ಗಿಳಿಗೆ ಹಿಡಿಸಿತು, ಬೆರಳು ಇನ್ನೂ ಹೆಚ್ಚು ಹಿಡಿಸಿತು. ಬಲಗೈಯ ತೋರುಬೆರಳಿಗೆ ಪಟ್ಟಿ ಕಟ್ಟಿಕೊಂಡು ಒಂದು ವಾರ ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದೆ. ಅಕ್ಷರಗಳೆಲ್ಲ ಗಾಳಿಗೆ ಬಾಗಿದ ಜೋಳದ ದಂಟಿನಂತೆ ಒಂದೇ ಕಡೆ ಒರಗಿದ್ದವು.

ಶನಿವಾರ ಹೆಡ್‌ಮಾಸ್ತರರು ಮಕ್ಕಳು ಪಾಟಿಯ ಮೇಲೆ ಬರೆದದ್ದನ್ನು ನೋಡಲು ಬಂದರು. ನಲವತ್ತು ಪಾಟಿಗಳಲ್ಲೂ ಅಕ್ಷರಗಳು ಅದೇ ಕಡೆ ಒರಗಿದ್ದವು.

"ಏನ್ ಬೇ ಇದು?" ಎಂದು ಮೊದಲ ಸಾಲಿನ ಹುಡುಗಿಯನ್ನು ಕೇಳಿದರು.

"ಅಕ್ಷರಕ್ಕ ನಿದ್ದಿ ಬಂದದ್ರಿ ಸರ್," ಎಂದಳು. "ಮಾಸ್ತರ ಈ ವಾರ ಹಂಗೇ ಕಲಿಸ್ಯಾರ್ರಿ."

ನಲವತ್ತು ಮಕ್ಕಳು ನನ್ನ ತಪ್ಪನ್ನು ಇಷ್ಟು ಶ್ರದ್ಧೆಯಿಂದ ಕಲಿತದ್ದನ್ನು ನೋಡಿಯೂ ನನಗೆ ಗಿಳಿಯ ವಿಷಯದಲ್ಲಿ ಬುದ್ಧಿ ಬರಲಿಲ್ಲ.

ಚಾಚಾನ ಚಹಾ

ಗಿಳಿ ಮೊದಲು ಆಡಿದ ಮಾತು ನನ್ನದಲ್ಲ, ಚಾಚಿಯದು. ಚಾಚಿ ದಿನಕ್ಕೆ ನಾಲ್ಕು ಸಲ ಒಳಗಿನಿಂದ ಕೂಗುತ್ತಿದ್ದರು: "ಏಜೀ, ಚಾ ಆಗ್ಯಾದ, ಬರ್ರಿ!" ಒಂದು ಬೆಳಿಗ್ಗೆ ಅದನ್ನೇ, ಅದೇ ಧ್ವನಿಯಲ್ಲಿ, ನಮ್ಮ ಪಂಜರ ಕೂಗಿತು.

ಚಾಚಾ ಹೊಲಿಗೆ ಮಶೀನು ಬಿಟ್ಟು ಒಳಗೆ ಹೋದರು. ಚಾ ಇರಲಿಲ್ಲ. ಬಂದು ಕೂತರು. ಮತ್ತೆ ಕೂಗು. ಮತ್ತೆ ಹೋದರು. ಮೂರನೆಯ ಸಲ ಒಳಗೆ ಜಗಳದ ಸದ್ದು ಕೇಳಿತು. ನಾನು ಹೋಗಿ ತಪ್ಪೊಪ್ಪಿಕೊಂಡೆ.

ಸಂಜೆ ಚಾಚಿಯೇ ಕೂಗಿದರು. ಚಾಚಾ ಮಶೀನಿನಿಂದ ತಲೆ ಎತ್ತಲಿಲ್ಲ. "ಸರ್, ನಿಮ್ಮ ಗಿಳೀಗಿ ಸುಮ್ಮ ಕೂಡು ಅನ್ರಿ," ಎಂದರು.

ಚಾಚಿ ಕಪ್ಪು ಹಿಡಿದುಕೊಂಡು ಅವರ ಬೆನ್ನ ಹಿಂದೆಯೇ ನಿಂತಿದ್ದರು.

ಬಸ್ಸು

ದಸರಾಕ್ಕೆ ಹದಿನೈದು ದಿನ ಉಳಿದಾಗ, ಆ ಮಾತು ಇನ್ನೂ ಬರಲಿಲ್ಲವೆಂದು ಗಿಳಿಯನ್ನು ಆಳಂದದ ದನದ ಡಾಕ್ಟರರಿಗೆ ತೋರಿಸಲು ಹೊರಟೆ. ಬಟ್ಟೆ ಮುಚ್ಚಿದ ಪಂಜರ ತೊಡೆಯ ಮೇಲಿತ್ತು. ಬಸ್ಸು ನಿಲ್ಲುವ ಜಾಗದ ಎದುರು ಬೆಳೆದ ಗಿಳಿ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಜೋಳದ ಹೊಲಗಳ ನಡುವೆ, ಬಸ್ಸು ನಿಲ್ಲಿಸಲು ಹೊಡೆಯುವ ಒಂದು ಸೀಟಿ ಕೇಳಿತು. ಡ್ರೈವರ್ ಬಸ್ಸು ನಿಲ್ಲಿಸಿದ.

"ಯಾರ್ ಇಳಿಯೋರು?"

ಯಾರೂ ಇಲ್ಲ. "ನಾ ಹೊಡದಿಲ್ಲಪಾ," ಎಂದ ಕಂಡಕ್ಟರ್.

"ಮತ್ಯಾರ್ ಹೊಡದಾರ, ನಿಮ್ಮಪ್ಪ?"

ಇಬ್ಬರ ಮಾತು ಅಪ್ಪಂದಿರಿಂದ ಅಜ್ಜಂದಿರವರೆಗೆ ಹೋದಾಗ ನಾನು ಎದ್ದು ನಿಂತು ಬಟ್ಟೆ ಸರಿಸಿದೆ. ಗಿಳಿ ಇನ್ನೊಮ್ಮೆ ಸೀಟಿ ಹೊಡೆದು ತೋರಿಸಿತು.

ಹಿಂದಿನ ಸೀಟಿನಲ್ಲಿದ್ದ ವಯಸ್ಸಾದ ಒಬ್ಬ ಆಯಿ ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ಬಂದಳು. "ಸರೀರೋ. ಇದೇ ನನ್ನ ಹೊಲ. ಹತ್ತು ವರ್ಷಾತು, ಇಲ್ಲಿ ನಿಲ್ಲಿಸ್ರೋ ಅಂತ ನಿಮಗ ಹೇಳಾಕತ್ತು. ಒಬ್ಬನೂ ಕೇಳಲಿಲ್ಲ. ಇದೊಂದಕ್ಕ ನೋಡು ಮನುಷ್ಯಾರ ಸಂಕಟ ಗೊತ್ತದ."

ಇಳಿದಳು. ಗಿಳಿ ಎರಡು ಸೀಟಿ ಹೊಡೆಯಿತು. ಬಸ್ಸು ಹೊರಟಿತು.

ಡಾಕ್ಟರರು ಗಂಟಲು ನೋಡಿ, "ಆರಾಮ ಅದ. ಪಾಠ ಯಾರು ಹೇಳ್ತೀರಿ?" ಎಂದು ಕೇಳಿದರು. ನಾನೇ ಎಂದೆ. ಅವರು ನನ್ನ ಗಂಟಲ ಕಡೆ ನೋಡಿದರು.

ಪರೀಕ್ಷೆ

ದಸರಾ ರಜೆಯ ಎರಡನೆಯ ದಿನ ಅಕ್ಕ ಬಂದಳು. ಅರ್ಜಿಯನ್ನು ಮಣೆಯ ಮೇಲಿಟ್ಟು, ಹಾರಬಾರದೆಂದು ಅದರ ಮೇಲೆ ನನ್ನದೇ ಪೆನ್ನು ಇಟ್ಟಳು.

"ಮಾತಾಡ್ತದೇನು?"

"ಮಾತಾಡ್ತದ. ಆದ್ರ ಅದನ್ನಲ್ಲ."

ಪಾಠದ ಹೊತ್ತು, ಐದೂಕಾಲು ಆಗುತ್ತಿತ್ತು. ಅಕ್ಕ ರೊಟ್ಟಿ ಬಡಿದು, ತಾನೂ ತಾಟು ಹಾಕಿಕೊಂಡು ಕೂತಿದ್ದಳು. ನಾನು ಸಹಿ ಮಾಡಲು ಪೆನ್ನಿನ ಟೋಪಿ ತೆಗೆದೆ.

ಆಗ ಪಂಜರದೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ಅದು ನನ್ನ ಕೆಮ್ಮು. ದಿನಾ ಪಾಠಕ್ಕೆ ಮೊದಲು ನಾನು ಕೆಮ್ಮುವ ಕೆಮ್ಮು.

"ಊಟಾತೇನ್ರಿ?" ಎಂದಿತು ಗಿಳಿ, ನನ್ನ ಧ್ವನಿಯಲ್ಲಿ.

ಅಕ್ಕನ ಬಾಯಲ್ಲಿ ರೊಟ್ಟಿ ಇತ್ತು. ನನ್ನ ಕೈಯಿಂದ ಪೆನ್ನು ಬಿತ್ತು. ಗಿಳಿ ಅಷ್ಟಕ್ಕೆ ನಿಲ್ಲಿಸಲಿಲ್ಲ. ನಾನು ಐದು ತಿಂಗಳು ಕಲಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿತು:

"ಹೇಳು. ಊಟಾತೇನ್ರಿ. ಬಾಯಿ ತಗೀ. ಇನ್ನೊಮ್ಮೆ ಹೇಳು. ಹೇಳಲೇ!"

"ಊ... ಊಟಾಗ್ಲಿಕತ್ತದ್ರಿ," ಎಂದಳು ಅಕ್ಕ ಗಾಬರಿಯಾಗಿ, ತುತ್ತು ನುಂಗಿ.

"ಇನ್ನೊಮ್ಮೆ ಹೇಳು."

"ಊಟಾಗ್ಲಿಕತ್ತದ್ರೀ!"

"ಎಷ್ಟು ಸಲ ಹೇಳ್ಬೇಕು ನಿನಗ? ಕೈ ಕಟ್ಟಿ ಕೂಡು."

ಅಕ್ಕ ಕೈ ಕಟ್ಟಿದಳು. ಕಟ್ಟಿದ ಮೇಲೆ ತಾನು ಏನು ಮಾಡಿದೆನೆಂದು ತಿಳಿಯಿತು. ಮೊದಲು ನನ್ನ ಕಡೆ ನೋಡಿದಳು, ಆಮೇಲೆ ನಗಲು ಶುರುಮಾಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ನಾನೂ ನಕ್ಕೆ.

"ಕೇಳು ಅಂದ್ರ ಇದು ಸಾಲೀನೇ ತಗೀತಲ್ಲೋ!" ಎಂದು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. "ಇರು ಇಲ್ಲೇ. ಒಬ್ಬ ಮಾಸ್ತರನ್ನೇ ಸಂಭಾಳಿಸೋದು ಕಷ್ಟ, ಇಬ್ಬರನ್ನ ಜೇವರ್ಗಿಗೆ ಒಯ್ದು ನಾ ಏನ್ಮಾಡ್ಲಿ?"

ಕೈ ತೊಳೆದು, ಚೀಲ ಹೆಗಲಿಗೆ ಹಾಕಿಕೊಂಡು, ಹೋಗಲೋ ಇನ್ನೆರಡು ದಿನ ಇರಲೋ ಎಂದು ಹೊಸ್ತಿಲ ಮೇಲೆ ನಿಂತಳು.

ಗಿಳಿ ಎರಡು ಸೀಟಿ ಹೊಡೆಯಿತು.