ಸೇದಿದ್ದು ನಾನು, ಬಿಟ್ಟಿದ್ದು ನಮ್ಮ ಮನೆಯವರು

ಹೆಂಗಸು ಸಿಗರೇಟಿನ ಚಟ ಹಚ್ಚಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಡಲು ಹೊರಟಳೋ, ನಾಲ್ಕು ತಾಲೂಕಿಗೆ ಗೊತ್ತಾಗುತ್ತದೆ, ಅದೂ ತಪ್ಪಾಗಿ.

ಮಹಿಳಾ ಸ್ವಸಹಾಯ ಸಂಘಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಇದೇ ನೆಪದಲ್ಲಿ ಶಿಲ್ಲಾಂಗ್, ಕಠ್ಮಂಡು, ನೈರೋಬಿ ಎಂದು ಅಲೆದವಳು. ಶಿಲ್ಲಾಂಗಿನ ಚಳಿಗೆ ಮೊದಲ ಸಿಗರೇಟು ಹಚ್ಚಿದೆ. ಚಳಿ ಅಲ್ಲೇ ಉಳಿಯಿತು, ಸಿಗರೇಟು ಮುದ್ದೇಬಿಹಾಳದ ತನಕ ಬಂತು. ನಮ್ಮ ಮನೆಯವರು ಇಲ್ಲಿ ಕಾಲೇಜಿನಲ್ಲಿ ಮಾಸ್ತರರು, ಜೊತೆಗೆ ಹಾಸ್ಟೆಲ್ ವಾರ್ಡನ್. ಚಹಾದಲ್ಲಿ ಏಲಕ್ಕಿ ಹೆಚ್ಚಾದರೂ 'ಯಾಕೋ ಘಾಟು' ಎನ್ನುವ ಮನುಷ್ಯ. ಮಾಳಿಗೆಯ ಮೇಲೆ ನೀರಿನ ಟಾಕಿಯ ಹಿಂದೆ ಕೂತು ನಾನು ದಿನಕ್ಕೆ ಆರು ಸಿಗರೇಟು ಸೇದುವುದು ಅವರೊಬ್ಬರಿಗೇ ಗೊತ್ತಿತ್ತು.

ಬಸ್ಸಿನ ಹಿಂದೆ

ಒಂದು ಬೆಳಿಗ್ಗೆ ಮುದ್ದೇಬಿಹಾಳ ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸು ನನ್ನ ಕಣ್ಣೆದುರೇ ಹೊರಟುಬಿಟ್ಟಿತು. ಹತ್ತು ಹೆಜ್ಜೆ ಓಡಿದೆ. 'ಹೋಲ್ಡಾನ್' ಎಂದು ಕೂಗಲು ಬಾಯಿ ತೆರೆದೆ. ಬಾಯಿ ತೆರೆಯಿತು, ದನಿ ಬರಲಿಲ್ಲ. ಎದೆಯೊಳಗೆ ಹಳೆಯ ಹಾರ್ಮೋನಿಯಂ ತಿದಿ ಒತ್ತಿದಂತೆ ಸುಂಯ್ ಎಂದಿತು ಅಷ್ಟೇ. ಹಿಂದಿನ ಸೀಟಿನ ಯಾರೋ ಪುಣ್ಯಾತ್ಮರು ನೋಡಿ ಬಸ್ಸು ನಿಲ್ಲಿಸಿದರು. ನಾನು ಬಾಗಿಲಿನ ಸಲಾಕೆ ಹಿಡಿದು, ಬಗ್ಗಿ, ಏದುಸಿರು ಬಿಡುತ್ತ ನಿಂತೆ. ಕಂಡಕ್ಟರು ಇಳಿದು ಬಂದು ಬಹಳ ಮರ್ಯಾದೆಯಿಂದ ಕೇಳಿದ:

"ಅಕ್ಕಾರ, ನಿಮಗ ಬಸ್ ಬೇಕೋ, ಆಂಬುಲೆನ್ಸ್ ಬೇಕೋ? ಮೊದಲ ಹೇಳಿಬಿಡ್ರಿ. ಹೆಣ್ಮಕ್ಕಳಿಗೆ ಬಸ್ ಅಷ್ಟ ಫ್ರೀ ಐತಿ."

ಆ ಬಸ್ಸಿನಲ್ಲೇ, ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂತು, ಸಿಗರೇಟು ಬಿಡುವುದೆಂದು ನಿರ್ಧರಿಸಿದೆ.

ಸಿಂದಗಿಯ ಔಷಧದಂಗಡಿ

ಬಿಡುವ ಮಂದಿಗೆ ಅಂತಲೇ ನಿಕೋಟಿನ್ ಗಮ್ ಎಂಬ ಜಗಿಯುವ ಗುಳಿಗೆ ಸಿಗುತ್ತದೆ. ಸಿಂದಗಿಯಲ್ಲಿ ಇಳಿದವಳೇ ಔಷಧದಂಗಡಿಗೆ ಹೋಗಿ ಕೇಳಿದೆ.

"ಐತ್ರಿ ಮೇಡಂ. ಸಾಹೇಬ್ರು ದಿನಕ್ಕ ಎಷ್ಟು ಸೇದ್ತಾರ್ರಿ?"

"ಅವರು ಸೇದೂದಿಲ್ರಿ. ಸೇದಾಕಿ ನಾನ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇಳಕಲ್ ಸೀರೆ, ನರೆತ ತಲೆ, ಕೊರಳಲ್ಲಿ ತಾಳಿ. ನೋಡುನೋಡುತ್ತ ಅವನ ಮುಖ ಕರಗಿತು. ಸಕ್ಕರೆ ಕಾಯಿಲೆಯ ಗುಳಿಗೆಗೆ ಕಾದಿದ್ದ ಮುದುಕರತ್ತ ತಿರುಗಿ, "ಕಾಕಾ, ಕೇಳಿದ್ರಿಲ್ಲೋ? ಗಂಡನ ಮಾನ ಉಳಿಸಾಕ ತನ್ನ ಹೆಸರು ಹೇಳಾಕತ್ತಾರ! ಇಂಥಾ ಹೆಣ್ಮಕ್ಕಳು ಈಗ ಎಲ್ಲಿ ಸಿಗತಾರ?" ಎಂದ.

"ಖರೇನ ನಾನು ರೀ," ಎಂದೆ.

"ನೋಡ್ರಿ, ಮತ್ತೂ ಹೇಳಾಕತ್ತಾರ!"

ಕಾಕಾ ಕಣ್ಣೊರೆಸಿಕೊಂಡು, "ಯಾರ ಮನ್ಯಾಕಿ ತಂಗಿ ನೀ?" ಎಂದು ಕೇಳಿದರು. ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಕೊಡದೆ ಅಂಗಡಿ ಇಳಿಯಲು ಬರುವುದಿಲ್ಲ. ಹೇಳಿದೆ. ಅದೇ ತಪ್ಪಾಯಿತು. "ಮುದ್ದೇಬಿಹಾಳದ ಮಾಸ್ತರರೇನು? ಅಯ್ಯ, ಅವರ ಅಕ್ಕನ್ನ ಕೊಟ್ಟಿದ್ದು ನಮ್ಮ ಬಾಗೇವಾಡಿಗೆ! ಎರಡ ಮನಿ ಆಚಿ!" ಎಂದು ಕಾಕಾ ಆಗಲೇ ಮೊಬೈಲು ತೆಗೆದಿದ್ದರು.

ನಾನು ವಾಪಸು ಬಸ್ಸು ಹತ್ತುವುದರೊಳಗೆ ನಮ್ಮ ಮನೆಯವರಿಗೆ ಇಪ್ಪತ್ತು ವರ್ಷದ ಚಟ ಬಂದಿತ್ತು.

ಇಂಡಿಯ ಠರಾವು

ಮುಂದಿನ ವಾರ ಇಂಡಿ ಹತ್ತಿರದ ಒಂದು ಊರಿನಲ್ಲಿ ಸಂಘದ ಸಭೆ. ಬಂದ ಇಪ್ಪತ್ತೆರಡು ಮಂದಿಯೂ ನಿಂಬೆತೋಟದಲ್ಲಿ ದುಡಿಯುವವರು, ಇಪ್ಪತ್ತೆರಡು ಮಂದಿಗೂ ಗಂಡನ ತಂಬಾಕಿನದೇ ದೂರು. ನಾನು ಮಾತಾಡುವಾಗ ಗಮ್ಮನ್ನು ಜಗಿದು ದವಡೆಗೆ ಒತ್ತಿ ಇಟ್ಟುಕೊಂಡಿದ್ದೆ. ಹಾಗೆಯೇ ಇಟ್ಟುಕೊಳ್ಳಬೇಕಂತೆ. ಮುಂದೆ ಕೂತ ಮುದುಕಿಯೊಬ್ಬಳು ನನ್ನ ಗಲ್ಲವನ್ನೇ ನೋಡುತ್ತಿದ್ದಳು.

"ಬಾಯಾರ, ದವಡ್ಯಾಗ ಏನ್ ಇಟ್ಟೀರಿ?"

"ಔಷಧ ಆಯಿ. ಸಿಗರೇಟ್ ಬಿಡಾಕ."

ಆಕೆ ನಂಬಿಬಿಟ್ಟಳು! ಒಬ್ಬರಾದರೂ ನಂಬಿದರಲ್ಲ ಎಂದು ಹೋಗಿ ಆಕೆಯ ಪಕ್ಕದಲ್ಲೇ ಕೂತೆ.

"ಹೊಗಿ ಛಲೋ ಅಲ್ಲ ನನ್ನವ್ವಾ, ಎದಿ ಸುಡತೈತಿ," ಎಂದು ಸೊಂಟದ ಸಂಚಿ ಬಿಚ್ಚಿ, ಕರಿ ಪುಡಿಯ ಸಣ್ಣ ಡಬ್ಬಿ ನನ್ನ ಕೈಗಿಟ್ಟಳು. ಮಿಸರಿ; ಅಂದರೆ ಸುಟ್ಟ ತಂಬಾಕಿನ ಪುಡಿ. "ಇದನ್ನ ಮುಂಜಾನಿ ಸಂಜಿ ಹಲ್ಲಿಗೆ ತಿಕ್ಕು. ನಾ ನಲವತ್ತು ವರ್ಷ ಆತು ತಿಕ್ಕಾಕತ್ತು, ಒಂದ ದಿನಾನೂ ಬೀಡಿ ಬೇಕನಿಸಿಲ್ಲ ನೋಡು."

"ಆಯಿ, ಇದೂ ತಂಬಾಕ ಅಲ್ಲೇನು?"

"ತಂಬಾಕ ಹೆಂಗಾಕ್ಕೈತಿ? ಸುಟ್ಟೇತಲ್ಲ!"

ಸಿಗರೇಟು ಬಿಟ್ಟ ಹೊಸದರಲ್ಲಿ ಎಲ್ಲರ ಮಾತೂ ಸರಿ ಅನ್ನಿಸುತ್ತದೆ. ಕೊನೆಗೆ, ಗಂಡಂದಿರ ತಂಬಾಕು ಬಿಡಿಸಬೇಕು ಎಂದು ಒಮ್ಮತದ ಠರಾವು ಪಾಸಾಯಿತು. ಎದ್ದು ನಿಂತು ಪ್ರತಿಜ್ಞೆ ಮಾಡೋಣ ಅಂದೆ. ಅಧ್ಯಕ್ಷೆ ಕೈಸನ್ನೆಯಲ್ಲೇ ಎರಡು ನಿಮಿಷ ಟೈಮು ಕೇಳಿದಳು. ಇಪ್ಪತ್ತೆರಡು ಮಂದಿಯೂ ಸಾಲಾಗಿ ಹಿತ್ತಲಿಗೆ ಹೋಗಿ, ಗೋಡೆಗೆ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಪ್ರತಿಜ್ಞೆ ಮಾಡಿದರು.

ಝಳಕಿಯ ಲಾರಿ ಡ್ರೈವರು

ಅದೇ ದಿನ ಸಂಜೆ ಝಳಕಿಯಲ್ಲಿ, ಹೆದ್ದಾರಿ ಪಕ್ಕದ ಚಹಾದಂಗಡಿ ಎದುರು ಬಸ್ಸು ಕಾಯುತ್ತಿದ್ದೆ. ಗಮ್ ಮುಗಿದಿತ್ತು. ಬಿಟ್ಟ ಮೇಲೆ ಸಿಟ್ಟು ಬರುತ್ತದೆ ಎನ್ನುತ್ತಾರೆ. ನನಗೆ ಸಿಟ್ಟಲ್ಲ, ಬರೀ ಗೊಂದಲ. ಯಾಕೆ ನಿಂತಿದ್ದೇನೆ, ಯಾವ ಊರಿಗೆ ಹೋಗಬೇಕು, ಚೀಲ ಯಾವ ಕೈಯಲ್ಲಿದೆ, ಎಲ್ಲವನ್ನೂ ಎರಡೆರಡು ಸಲ ಯೋಚಿಸಬೇಕು.

ಅಷ್ಟರಲ್ಲಿ ಲಾರಿ ಡ್ರೈವರನೊಬ್ಬ ಸಿಗರೇಟು ಹಚ್ಚಿದ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಕಾಲುಗಳು ತಾವಾಗಿಯೇ ಅವನ ಹತ್ತಿರ ಹೋದವು. ಹೆಣ್ಣುಮಗಳು ಬಂದು ನಿಂತಳೆಂದು ಆತ ಮರ್ಯಾದೆಗೆ ಸಿಗರೇಟು ಒಗೆದು, ಲಾರಿಯ ಆಚೆಗೆ ಹೋಗಿ ಇನ್ನೊಂದು ಹಚ್ಚಿದ. ನಾನೂ ಲಾರಿಯ ಆಚೆಗೆ ಹೋದೆ. ಅದನ್ನೂ ಒಗೆದ. ಪಂಕ್ಚರ್ ಅಂಗಡಿಯ ಹಿಂದೆ ಹೋದ. ಅಲ್ಲಿಯೂ ಹೋಗಿ ನಿಂತು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡೆ. ಕಣ್ಣು ತೆರೆದಾಗ ಆತ ಪಾಕೀಟನ್ನೇ ಮುರಿದು ಚರಂಡಿಗೆ ಹಾಕಿ, ಎರಡೂ ಕೈ ಜೋಡಿಸಿ ನಿಂತಿದ್ದ.

"ತಪ್ಪಾತ್ರಿ ಅಕ್ಕಾರ. ಇನ್ನ ಜನ್ಮದಾಗ ಮುಟ್ಟೂದಿಲ್ಲ. ಹಿಂದ ಹಿಂದ ಮಾತ್ರ ಬರಬ್ಯಾಡ್ರಿ, ಹೆದರಿಕಿ ಬರತೈತಿ."

ನನ್ನ ತರಬೇತಿಯಿಂದ ಚಟ ಬಿಟ್ಟ ಮೊದಲ ಮನುಷ್ಯ ಅವನೇ. ನಾನು ಮಾತ್ರ ಚರಂಡಿಯ ಕಡೆಗೆ ನೋಡುತ್ತಲೇ ಬಸ್ಸು ಹತ್ತಿದೆ.

ಬಾಗೇವಾಡಿಯ ಕಷಾಯ

ಬಸವನ ಬಾಗೇವಾಡಿಯ ಅಕ್ಕಾರು, ಅಂದರೆ ನಮ್ಮ ಮನೆಯವರ ಅಕ್ಕ, ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆಸಿದರು. ಹೊಸ್ತಿಲಲ್ಲೇ ತಮ್ಮನನ್ನು ನಿಲ್ಲಿಸಿ ಅಂಗಿ ಮೂಸಿದರು. "ವಾಸನಿ ಇಲ್ಲ. ಅಂದ್ರ ಮುಚ್ಚಿಡೂದು ಕಲ್ತಾನ," ಎಂದರು.

"ಅಕ್ಕಾ, ನಾ ಸೇದೂದಿಲ್ಲ."

"ಎಲ್ಲಾರೂ ಮೊದಲು ಹಂಗ ಅಂತಾರ."

ನನಗೆ ತಡೆಯಲಾಗಲಿಲ್ಲ. ಚೀಲ ತೆಗೆದು, ಉಳಿದಿದ್ದ ನನ್ನ ಹಳೆಯ ಲೈಟರನ್ನು ಅವರ ಮುಂದಿಟ್ಟೆ. "ಅಕ್ಕಾರ, ನೋಡ್ರಿ, ಇದು ನಂದು. ಸೇದಾಕಿ ನಾನು."

ಅಕ್ಕಾರು ಲೈಟರು ನೋಡಿದರು, ನನ್ನನ್ನು ನೋಡಿದರು, ಸೆರಗು ಬಾಯಿಗೆ ಇಟ್ಟುಕೊಂಡು ಅತ್ತೇಬಿಟ್ಟರು. "ನೋಡೋ ಮೂಳಾ, ನಿನ್ನ ಕೈಗೆ ಸಿಗಬಾರದು ಅಂತ ಪಾಪ ತನ್ನ ಚೀಲದಾಗ ಇಟಗೊಂಡು ತಿರಗ್ಯಾಡಾಕತ್ತಾಳ!"

ಆ ದಿನ ನನಗೆ ಹೋಳಿಗೆ ತುಪ್ಪ. ನಮ್ಮ ಮನೆಯವರಿಗೆ ಅಜವಾನದ ಕಷಾಯ, ಎರಡು ಲೋಟ.

ದಾರಿಯಲ್ಲಿ ಕೇಳಿದೆ: "ನೀವರ ಗಟ್ಟಿಯಾಗಿ ಹೇಳಬಾರದೇನ್ರೀ?"

"ಹೇಳಿ? ನಾಳೆ ನಿನ್ನ ಸಂಘದವರ ಗಂಡಂದಿರು ನಿನ್ನ ಊರಾಗ ಬಿಟಗೋತಾರ? ಇರಲಿ ಬಿಡು, ಕಷಾಯ ಹೊಟ್ಟಿಗೆ ಛಲೋ," ಅಂದರು.

ಶಾಲು

ಸುದ್ದಿ ಕಾಲೇಜಿಗೂ ಮುಟ್ಟಿತು. ಚಟ ಇರುವವರು ಹುಡುಗರ ಹಾಸ್ಟೆಲಿಗೆ ವಾರ್ಡನ್ ಆಗಿ ಇರುವುದು ಸರಿಯೇ ಎಂದು ಆಡಳಿತ ಮಂಡಳಿಯ ಚೇರ್ಮನ್ನರು ಕೇಳಿದರಂತೆ. ಹದಿನಾಲ್ಕು ವರ್ಷ ಆ ಹುಡುಗರ ಜ್ವರ, ನೆಗಡಿ, ಪರೀಕ್ಷೆ ಎಲ್ಲವನ್ನೂ ನೋಡಿಕೊಂಡ ಮನುಷ್ಯ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಪ್ರಿನ್ಸಿಪಾಲರೇ ದಾರಿ ಹುಡುಕಿದರು. ಕಾಲೇಜಿನಲ್ಲಿ ವ್ಯಸನಮುಕ್ತಿ ಕಾರ್ಯಕ್ರಮ ಇದೆ, ಅದರಲ್ಲಿ 'ಬಿಟ್ಟವರ ಅನುಭವ' ಎಂದು ನಾಲ್ಕು ಮಾತಾಡಿಬಿಡಲಿ, ಚೇರ್ಮನ್ನರೂ ಸಮಾಧಾನ ಆಗುತ್ತಾರೆ.

ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಈ ಮನುಷ್ಯ ಏನು ಹೇಳುತ್ತಾರೋ ಎಂದು ಎರಡು ಗಮ್ ಒಟ್ಟಿಗೇ ಜಗಿಯುತ್ತಿದ್ದೆ.

ಅವರು ಮೈಕಿನ ಮುಂದೆ ನಿಂತು, "ಸಿಗರೇಟ್ ಬಿಡೂದು ಎಷ್ಟು ತ್ರಾಸ ಅಂತ ನಾ ನಮ್ಮ ಮನ್ಯಾಗ ಕಣ್ಣಾರೆ ನೋಡೇನಿ," ಎಂದು ಶುರು ಮಾಡಿದರು. "ಮೂರನೇ ದಿನ ಸಾರಿಗೆ ಸಕ್ಕರಿ ಬಿತ್ತು. ಐದನೇ ದಿನ, ಮನಿಯೊಳಗ ಮನಷ್ಯಾ ಇದ್ದಾಗನ ಹೊರಗಿನಿಂದ ಕೀಲಿ ಬಿತ್ತು. ಒಂಬತ್ತನೇ ದಿನ ಸಿಲಿಂಡರ್ ತಂದಾಂವ 'ಆರಾಮ ಅದೀರಿಲ್ಲೋ' ಅಂದಿದ್ದಕ್ಕ ಅರ್ಧಾ ತಾಸು ಅಳು. ಆದ್ರ ಒಂದೂ ಸಿಗರೇಟ್ ಮುಟ್ಟಲಿಲ್ಲ. ಇವತ್ತಿಗೆ ನಲವತ್ತೊಂದು ದಿನ."

ನಾನು ದಿನ ಎಣಿಸಿರಲಿಲ್ಲ. ಅವರು ಎಣಿಸಿದ್ದರು.

ಸಭೆ ಚಪ್ಪಾಳೆ ತಟ್ಟಿತು. ನನಗೆ ಕೂರಲಾಗಲಿಲ್ಲ. ಇನ್ನು ನನ್ನ ಹೆಸರು ಏನಾದರೂ ಆಗಲಿ ಎಂದು ಎದ್ದು ನಿಂತೆ. ಯಾರಿಗೂ ಎರಡರ್ಥ ಬರದ ಹಾಗೆ ದೊಡ್ಡ ದನಿಯಲ್ಲಿ ಹೇಳಿದೆ: "ಎಲ್ಲಾರೂ ಕೇಳ್ರಿ. ಅವರು ಜೀವನದಾಗ ಒಂದೂ ಸಿಗರೇಟ್ ಸೇದಿಲ್ಲ. ಸೇದಾಕಿ ನಾನು. ಬಿಟ್ಟಾಕಿನೂ ನಾನು."

ಎಂಥ ಚಪ್ಪಾಳೆ! ಹುಡುಗರು ಸೀಟಿ ಹೊಡೆದರು. ಹೆಂಗಸರು ಕಣ್ಣೊರೆಸಿಕೊಂಡರು. ಪ್ರಿನ್ಸಿಪಾಲರು ತಾವೇ ಇಳಿದು ಬಂದು ನನ್ನನ್ನು ವೇದಿಕೆಗೆ ಕರೆದೊಯ್ದರು. ಮುಖ್ಯ ಅತಿಥಿಗಳಿಗೆಂದು ತಂದಿದ್ದ ಶಾಲನ್ನು ನನಗೇ ಹೊದಿಸಿ, ಆದರ್ಶ ಗೃಹಿಣಿ ಎಂದರು.

ಚೇರ್ಮನ್ನರು ಮೈಕು ತೆಗೆದುಕೊಂಡರು. "ಈ ತಾಯಿಯ ತ್ಯಾಗಕ್ಕ ಕೈ ಮುಗೀತೇನಿ," ಅಂದರು. ಆಮೇಲೆ ಹುಬ್ಬು ಗಂಟಿಕ್ಕಿ, ನಮ್ಮ ಮನೆಯವರ ಕಡೆ ತಿರುಗಿದರು. "ಆದ್ರ ಇವರು ಇನ್ನೂ ಇಷ್ಟು ಮುಚ್ಚಾಕತ್ತಾರ ಅಂದ್ರ, ಮಾಸ್ತರರು ಪೂರಾ ಬಿಟ್ಟಂಗ ಕಾಣೂದಿಲ್ಲ. ವಾರ್ಡನ್ ವಿಚಾರ ಮೂರು ತಿಂಗಳು ತಡದು ನೋಡೂಣು."

ನಾನು ಬಾಯಿ ತೆರೆದೆ. ನಮ್ಮ ಮನೆಯವರು ಶಾಲು ಸರಿಪಡಿಸುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, ಹಲ್ಲು ಕಚ್ಚಿ ಹೇಳಿದರು:

"ಪುಣ್ಯಾತಗಿತ್ತಿ, ಸಿಗರೇಟ್ ಬಿಟ್ಟಿ, ಭಾಳ ಛಲೋ ಆತು. ಇನ್ನ ಆ ಖರೇ ಹೇಳೂ ಚಟಾನೂ ಒಂದ ಬಿಟಬಿಡು."