ಬಾಲವಾಡಿಯಲ್ಲಿ ಮಾವನವರ ರೊಟ್ಟಿ

ನಮ್ಮ ಬಾಲವಾಡಿಯಲ್ಲಿ ಹದಿನೆಂಟು ವಿದ್ಯಾರ್ಥಿಗಳಿದ್ದಾರೆ. ಹದಿನೇಳು ಮಂದಿಗೆ ನಾಲ್ಕು ವರ್ಷ, ಒಬ್ಬರಿಗೆ ಎಪ್ಪತ್ತೆರಡು! ಆ ಹಿರಿಯ ವಿದ್ಯಾರ್ಥಿ ನನ್ನ ಮಾವನವರು. ಇವರಲ್ಲಿ ಹಟಮಾರಿ ಯಾರೆಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಅವರತ್ತ ಬೆರಳು ತೋರಿಸುತ್ತೇನೆ.

ಮರಾಠಿ ನಾಡಿನ ಮನೀಶ್ ನಗರದ ಈ ಬಾಲವಾಡಿ ನಡೆಸುವವಳು ನಾನೇ. ಶುಕ್ರವಾರಕ್ಕೊಬ್ಬರ ಮನೆಯ ಅಡುಗೆ: ಒಂದು ವಾರ ಗುಜರಾತಿ ಢೋಕಳಾ, ಇನ್ನೊಂದು ವಾರ ಸಿಂಧಿ ಕೋಕಿ. ಹಿಟ್ಟು ಕಲಸುವುದು ಮಕ್ಕಳು, ಒಲೆಯ ಕೆಲಸ ನನ್ನದು. ಅತ್ತೆ ತೀರಿಕೊಂಡ ಮೂರನೆಯ ತಿಂಗಳು ಮಾವನವರು ಏಪ್ರನ್ ಕಟ್ಟಿಕೊಂಡು ಬಂದು ಪುಟ್ಟ ಕುರ್ಚಿಯಲ್ಲಿ ಕುಳಿತರು. ಅತ್ತೆ ಬಡಿಯುತ್ತಿದ್ದಂಥ ಜೋಳದ ರೊಟ್ಟಿ ಒಂದನ್ನಾದರೂ ಕೈಯಾರೆ ಮಾಡಬೇಕಂತೆ. ಮನೆಯಲ್ಲೇ ಕಲಿಸುತ್ತೇನೆಂದರೆ ಒಪ್ಪಲಿಲ್ಲ. ಬೆಳಗಿನ ರೊಟ್ಟಿಯ ಸದ್ದು ನಿಂತ ಆ ಅಡುಗೆಮನೆಗೆ ಕಾಲಿಡಲು ಅವರಿಗಾಗುತ್ತಿರಲಿಲ್ಲ.

ನಲವತ್ತೈದು ವರ್ಷ ಅದೇ ರೊಟ್ಟಿಯಲ್ಲಿ ತಪ್ಪು ಹುಡುಕಿದವರು ಇವರು! ರೈಲ್ವೆಯಲ್ಲಿ ಹಳಿ ತಪಾಸಣೆ ಮಾಡಿದವರಿಗೆ ರೊಟ್ಟಿಯ ಬಿರುಕು ಕಾಣದೇ ಇದ್ದೀತೇ? ಅಂಚು ಹರಿದಿದೆ, ನಡುವೆ ದಪ್ಪ, ಸುಟ್ಟಿದೆ. ಅದೇ ಚಾಳಿ ಇಲ್ಲೂ. ಢೋಕಳಾಕ್ಕೆ ಉಪ್ಪು ಕಡಿಮೆ ಎಂದರು. ಕಲಸಿದ ಪುಟ್ಟಿ ಅಳತೊಡಗಿದಳು. ಹಿರಿಯ ವಿದ್ಯಾರ್ಥಿಯನ್ನು ಮೂಲೆಗೆ ಕಳಿಸಬೇಕಾಯಿತು. ಹೋದರು ಕೂಡ!

ಕಳೆದ ಶುಕ್ರವಾರ ಅವರದೇ ಸರದಿ. ಮರಾಠಿ ಹುಡುಗಿಯೊಬ್ಬಳು, ಇದು ನಮ್ಮನೆಯ ಭಾಕರಿ ಎಂದಳು. ಅಲ್ಲ, ರೊಟ್ಟಿ ಎಂದು ಇವರು ಕಾಲು ಗಂಟೆ ವಾದಿಸಿ ಬಡಿಯಲು ಕುಳಿತರು. ಮೊದಲನೆಯದು ಹರಿಯಿತು. ಎರಡನೆಯದೂ ಹರಿಯಿತು. ಐದನೆಯದು ಹಂಚಿನ ಮೇಲೆ ಮೂರು ಚೂರಾಯಿತು, ಅಲ್ಲಿಗೆ ಹಿಟ್ಟೂ ಮುಗಿಯಿತು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಮಕ್ಕಳು ಆ ಚೂರುಗಳಿಗೇ ಬೆಣ್ಣೆ ಹಚ್ಚಿಕೊಂಡು ತಿಂದವು. ತಿಂದ ಮೇಲೆ ಮಾಡಿದವರ ಎದುರು ನಿಂತು ಚೆನ್ನಾಗಿತ್ತೆಂದು ಹೇಳುವುದು ನಮ್ಮಲ್ಲಿಯ ಪದ್ಧತಿ. ಹದಿನೇಳೂ ಸಾಲಾಗಿ ಬಂದು, "ಛಾನ್ ಝಾಲಂ, ಆಜೋಬಾ" ಎಂದು ಮರಾಠಿಯಲ್ಲಿ ಅಜ್ಜನಿಗೆ ಹೇಳಿ ಹೋದವು.

ಮಾವನವರು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡರು.

"ಇದೊಂದು ಮಾತು ಅಕಿಗೆ ನಾ ಒಂದಿನಾನೂ ಅಂದಿಲ್ಲವ್ವಾ," ಎಂದರು.

ನಾನಾದರೂ ಎಲ್ಲಿ ಅಂದಿದ್ದೆ? ಹನ್ನೆರಡು ವರ್ಷ ಅತ್ತೆಯ ರೊಟ್ಟಿ ಡಬ್ಬಿಯಲ್ಲಿಟ್ಟುಕೊಂಡು ಗಡಿಬಿಡಿಯಲ್ಲಿ ಓಡಿದವಳು ನಾನು. ಹಂಚಿನಲ್ಲಿ ಉಳಿದಿದ್ದ ಸುಟ್ಟ ಚೂರನ್ನು ಬಾಯಿಗಿಟ್ಟು, "ಚಲೋ ಆಗೇತ್ರಿ, ಮಾವಾರ," ಎಂದೆ.